ಸೋ ಯಂಗ್ ಸೋ ಬ್ಯಾಡ್ (1950): ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಪ್ಪು-ಬಿಳುಪು ಸಿನಿಮಾಗಳನ್ನು ಕೂಡಿ ನೋಡುವ ನಮ್ಮ ಪುಟ್ಟ ಗುಂಪಿನಲ್ಲಿ ಈ ಚಿತ್ರವನ್ನು ಹಲವು ಸಲ ಹಾಕಿದ್ದೇವೆ. ಪ್ರತಿ ಸಲವೂ ಚಹಾದ ಹೊತ್ತಿಗೆ ಅವೇ ಪ್ರಶ್ನೆಗಳು ಏಳುತ್ತವೆ. ಆಮೇಲೆ ಪತ್ರದಲ್ಲೋ ವಾಟ್ಸಾಪ್‌ನಲ್ಲೋ ಮತ್ತೆ ಬರುತ್ತವೆ. ಕೇಳಿದವರ ಮಾತನ್ನು ಹಾಗೇ ಇಟ್ಟುಕೊಂಡು ಉತ್ತರ ಬರೆದಿದ್ದೇನೆ. ಮೂರನೇ ಭಾಗದಲ್ಲಿ ಕಥೆಯ ಕೊನೆ ಬಯಲಾಗುತ್ತದೆ. ಚಿತ್ರ ನೋಡಿರದವರು ಅದಕ್ಕೆ ಮುಂಚೆಯೇ ನಿಲ್ಲಿಸಿಕೊಳ್ಳಿ.

## ಹೊಸಬರಿಗೆ

ಇದು ಯಾವ ಸಿನಿಮಾ? ಹೆಸರೇ ಕೇಳಿಲ್ಲವಲ್ಲ!

1950ರಲ್ಲಿ ತೆರೆಕಂಡ ಅಮೆರಿಕನ್ ಚಿತ್ರ. ಸುಮಾರು ಒಂದೂವರೆ ಗಂಟೆ ಉದ್ದ. ಹುಡುಗಿಯರ ಸುಧಾರಣಾ ಶಾಲೆಯೊಂದರಲ್ಲಿ ನಡೆಯುವ ಕಥೆ. ನಿರ್ದೇಶನ ಬರ್ನಾರ್ಡ್ ವೋರ್‌ಹೌಸ್ ಅವರದು. ಎಡ್ವರ್ಡ್ ಮತ್ತು ಹ್ಯಾರಿ ಲೀ ಡಾನ್ಜಿಗರ್ ಎಂಬ ಅಣ್ಣತಮ್ಮಂದಿರು ನಿರ್ಮಿಸಿದರು, ಯುನೈಟೆಡ್ ಆರ್ಟಿಸ್ಟ್ಸ್ ಹಂಚಿಕೆ ಮಾಡಿತು. ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳ ನೆರಳಿಲ್ಲದೆ, ನ್ಯೂಯಾರ್ಕ್ ಕಡೆಯಲ್ಲಿ, ಸಣ್ಣ ದುಡ್ಡಿನಲ್ಲಿ ತೆಗೆದದ್ದು. ಸಿನಿಮಾ ಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕೆ ಸಿಗುವುದು ಹೆಚ್ಚೆಂದರೆ ಅರ್ಧ ಸಾಲು. ಅದು ಅನ್ಯಾಯ ಎಂದು ನಾನು ನಂಬಿದ್ದೇನೆ, ಆದ್ದರಿಂದಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಥೆ ಏನು? ಕೊನೆ ಮಾತ್ರ ಹೇಳಬೇಡಿ.

ಎಲ್ಮ್‌ವ್ಯೂ ಎಂಬ ಸುಧಾರಣಾ ಶಾಲೆಗೆ ಡಾಕ್ಟರ್ ಜೇಸನ್ ಎಂಬ ಮನೋವೈದ್ಯ ಕೆಲಸಕ್ಕೆ ಸೇರುತ್ತಾನೆ. ಹೆಸರಿಗೆ ಶಾಲೆ, ನಡೆಯುವುದು ಸೆರೆಮನೆಯ ಹಾಗೆ. ಮೇಲಧಿಕಾರಿ ರಿಗ್ಸ್‌ಗೆ ಗಲಾಟೆಯಾಗದಿದ್ದರೆ ಸಾಕು, ಒಳಗೆ ಏನು ನಡೆದರೂ ಚಿಂತೆಯಿಲ್ಲ. ಒಳಗಿನ ಉಸ್ತುವಾರಿ ಹೆಂಗಸು, ಅಂದರೆ ಮೇಟ್ರನ್, ಬ್ಯೂಲರ್‌ಗೆ ಹುಡುಗಿಯರನ್ನು ಮಣಿಸುವುದೇ ಕೆಲಸ. ಹೊಸದಾಗಿ ಬರುವ ನಾಲ್ವರು ಹುಡುಗಿಯರ ಸುತ್ತ ಕಥೆ ಹೆಣೆದುಕೊಳ್ಳುತ್ತದೆ: ಮದುವೆಯಾಗದೆ ತಾಯಿಯಾದ ಲೊರೆಟಾ, ಒರಟು ಮಾತಿನ ಜಾಕಿ, ಪುಕ್ಕಲು ಜೇನ್, ಬಾಯಿ ಬಿಡದ ಡೊಲೊರೆಸ್. ವೈದ್ಯನ ಬೆಂಬಲಕ್ಕೆ ನಿಲ್ಲುವುದು ರೂತ್ ಎಂಬ ಸಹೋದ್ಯೋಗಿ. ಇಷ್ಟು ಸಾಕು.

ರಿಫಾರ್ಮೇಟರಿ ಅಂದ್ರೆ ನಮ್ಮ ರಿಮ್ಯಾಂಡ್ ಹೋಮ್ ಥರಾನಾ?

ಹೆಚ್ಚುಕಡಿಮೆ ಅದೇ ಸಂಬಂಧದ್ದು, ಆದರೆ ಒಂದೇ ಅಲ್ಲ. ರಿಮ್ಯಾಂಡ್ ಹೋಮ್ ಎಂದರೆ ವಿಚಾರಣೆ ಮುಗಿಯುವ ತನಕ ಇರಿಸುವ ಜಾಗ. ರಿಫಾರ್ಮೇಟರಿ ಎಂದರೆ ತೀರ್ಪಾದ ಮೇಲೆ ‘ತಿದ್ದಲು’ ಕಳಿಸುವ ಜಾಗ. ಅಮೆರಿಕದಲ್ಲಿ ಹೆಂಗಸರಿಗೆಂದೇ ಪ್ರತ್ಯೇಕ ರಿಫಾರ್ಮೇಟರಿ 1873ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಶುರುವಾಯಿತು, ಮ್ಯಾಸಚೂಸೆಟ್ಸ್‌ನದು 1877ರಲ್ಲಿ. ಗಂಡಸರ ಜೈಲಿನ ಮೂಲೆಯಲ್ಲಿ ಹೆಂಗಸರನ್ನು ತುಂಬಿ, ಕಾವಲಿನವರಿಂದಲೇ ಅವರ ಮೇಲೆ ಅತ್ಯಾಚಾರ ನಡೆಯುತ್ತಿದ್ದ ಕಾಲದಲ್ಲಿ ಅದು ದೊಡ್ಡ ಸುಧಾರಣೆಯೇ. ಹೆಂಗಸರನ್ನು ಹೆಂಗಸರೇ ನೋಡಿಕೊಳ್ಳಲಿ, ಹೊಲಿಗೆ, ಅಡುಗೆ, ಓದು ಕಲಿಸಲಿ ಎಂಬ ಒಳ್ಳೆಯ ಮನಸ್ಸಿನಿಂದ ಕಟ್ಟಿದ್ದು. ಆದರೆ ಎಷ್ಟೋ ಕಡೆ ಶಿಕ್ಷೆಗೆ ನಿಗದಿತ ಅವಧಿಯೇ ಇರಲಿಲ್ಲ. ‘ತಿದ್ದಿಕೊಂಡಿದ್ದಾಳೆ’ ಎಂದು ಅಧಿಕಾರಿಗಳಿಗೆ ಅನ್ನಿಸುವ ತನಕ ಇರಬೇಕು. ಸಣ್ಣ ತಪ್ಪಿಗೆ ಗಂಡಸಾದರೆ ತಿಂಗಳೊಪ್ಪತ್ತಿನಲ್ಲಿ ಹೊರಬರುತ್ತಿದ್ದ, ಹೆಂಗಸು ವರ್ಷಗಟ್ಟಲೆ ಒಳಗೇ ಉಳಿಯುತ್ತಿದ್ದಳು. ಎಲ್ಮ್‌ವ್ಯೂನಂಥ ಹುಡುಗಿಯರ ಶಾಲೆಗಳೂ ಇದೇ ಬಳ್ಳಿಯ ಕಾಯಿಗಳು.

ನಮ್ಮಲ್ಲಿ ಜನ ಈಗಲೂ ಎಲ್ಲವನ್ನೂ ‘ರಿಮ್ಯಾಂಡ್ ಹೋಮ್’ ಎಂದೇ ಕರೆಯುತ್ತಾರೆ. ಕಾನೂನಿನಲ್ಲಿ ಮಾತ್ರ ಇವತ್ತು ಬಾಲಮಂದಿರ ಬೇರೆ, ವೀಕ್ಷಣಾಲಯ ಬೇರೆ. ದಿಕ್ಕಿಲ್ಲದ ಮಗುವನ್ನೂ ಅಪರಾಧದ ಆರೋಪ ಹೊತ್ತ ಮಗುವನ್ನೂ ಒಂದೇ ಕೋಣೆಗೆ ತಳ್ಳಬಾರದು ಎಂಬುದೇ ಈ ಭೇದದ ಉದ್ದೇಶ. ಚಿತ್ರದ ಎಲ್ಮ್‌ವ್ಯೂನಲ್ಲಿ ಇಲ್ಲದಿರುವುದೂ ಇದೇ.

ಆ ಹುಡುಗಿಯರು ಮಾಡಿದ ತಪ್ಪಾದರೂ ಏನು? ಒಬ್ಬಳೂ ಕೊಲೆ ಮಾಡಿದ ಹಾಗೆ ಕಾಣಲಿಲ್ಲ.

ಈ ಪ್ರಶ್ನೆ ಕೇಳಿದವರೊಬ್ಬರು ನಿವೃತ್ತ ಶಿಕ್ಷಕಿ. ಆ ಕ್ಷಣಕ್ಕೆ ನನ್ನಿಂದ ಅವರಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ, ಈಗ ಹೇಳುತ್ತೇನೆ.

ಆ ಕಾಲದ ಅಮೆರಿಕದ ಬಾಲನ್ಯಾಯದಲ್ಲಿ ಹುಡುಗರನ್ನು ಹೆಚ್ಚಾಗಿ ಕಳ್ಳತನ, ಹೊಡೆದಾಟಕ್ಕೆ ಹಿಡಿದು ತರುತ್ತಿದ್ದರು. ಹುಡುಗಿಯರನ್ನು ತರುತ್ತಿದ್ದ ಕಾರಣಗಳ ಪಟ್ಟಿಯೇ ಬೇರೆ: ಮನೆ ಬಿಟ್ಟು ಓಡಿದಳು, ಹೇಳಿದ ಮಾತು ಕೇಳುವುದಿಲ್ಲ, ರಾತ್ರಿ ತಡವಾಗಿ ಬರುತ್ತಾಳೆ, ಕೆಟ್ಟ ಸಹವಾಸ, ಗಂಡಸರ ಜೊತೆ ಓಡಾಟ. ದೊಡ್ಡವರು ಮಾಡಿದರೆ ಇವು ಯಾವುವೂ ಅಪರಾಧವೇ ಅಲ್ಲ. ಎಷ್ಟೋ ಸಲ ಹುಡುಗಿ ಓಡಿದ್ದೇ ಮನೆಯೊಳಗಿನ ಹಿಂಸೆ ತಾಳಲಾರದೆ. ಆದರೆ ಕಾಗದದಲ್ಲಿ ಅವಳೇ ಆರೋಪಿ. ಇಂಥ ಮಕ್ಕಳನ್ನು ಕೂಡಿಹಾಕಬಾರದೆಂದು ಒಕ್ಕೂಟ ಸರ್ಕಾರ ರಾಜ್ಯಗಳಿಗೆ ಕಾನೂನಿನ ಮೂಲಕ ಹೇಳಿದ್ದು 1974ರಲ್ಲಿ, ಅಂದರೆ ಈ ಚಿತ್ರ ಬಂದು 24 ವರ್ಷದ ಮೇಲೆ.

ಚಿತ್ರದ ಹೆಸರಿನಲ್ಲಿರುವ ‘ಬ್ಯಾಡ್’ ಅನ್ನೋ ಮಾತನ್ನು ಈ ಹಿನ್ನೆಲೆಯಲ್ಲಿ ಓದಿಕೊಳ್ಳಿ. ಪೋಸ್ಟರ್ ಅದನ್ನು ಚಪಲಕ್ಕೆ ಬಳಸಿದೆ ನಿಜ. ಒಳಗಿನ ಚಿತ್ರ ಮಾತ್ರ ‘ಕೆಟ್ಟವಳು ಎಂದವರು ಯಾರು’ ಎಂದು ಕೇಳುತ್ತಲೇ ಹೋಗುತ್ತದೆ.

ರೀಟಾ ಮೊರೆನೊ ಇದರಲ್ಲಿದ್ದಾರಂತೆ. ಟೈಟಲ್ ಕಾರ್ಡಿನಲ್ಲಿ ಹೆಸರೇ ಸಿಗಲಿಲ್ಲ?

ಇದ್ದಾರೆ. ರೋಸಿಟಾ ಮೊರೆನೊ ಎಂದು ಹುಡುಕಿ. ಡೊಲೊರೆಸ್ ಪಾತ್ರ ಅವರದೇ, ಅವರ ಮೊದಲ ಸಿನಿಮಾ ಕೂಡ. ಪೋರ್ಟೊ ರಿಕೊದಲ್ಲಿ 1931ರಲ್ಲಿ ಹುಟ್ಟಿ, ಅಮ್ಮನ ಕೈ ಹಿಡಿದು ನ್ಯೂಯಾರ್ಕಿಗೆ ಬಂದವರು. ಹನ್ನೊಂದು ವರ್ಷದ ಮೇಲೆ ಬಂದ ವೆಸ್ಟ್ ಸೈಡ್ ಸ್ಟೋರಿ ಅವರಿಗೆ ಆಸ್ಕರ್ ತಂದುಕೊಟ್ಟಿತು. ಲೊರೆಟಾ ಆಗಿರುವುದು ಆ್ಯನ್ ಫ್ರಾನ್ಸಿಸ್, ಮುಂದೆ ಫರ್ಬಿಡನ್ ಪ್ಲಾನೆಟ್‌ನ ನಾಯಕಿ. ಜಾಕಿ ಆಗಿರುವ ಆ್ಯನ್ ಜಾಕ್ಸನ್‌ಗೂ ಇದೇ ಮೊದಲ ಚಿತ್ರ. ರಂಗಭೂಮಿಯಿಂದ ಬಂದವರು, ನಟ ಈಲೈ ವಾಲಕ್ ಅವರ ಹೆಂಡತಿ. ಮುಂದೆ ಹೆಸರು ಮಾಡಿದ ಮೂವರು ಒಂದೇ ಬಡ ಚಿತ್ರದಲ್ಲಿ ಒಟ್ಟಿಗೆ ಸಿಗುವುದು ಅಪರೂಪ.

ಮಗಳ ಜೊತೆ ಕೂತು ನೋಡಬಹುದಾ? ಎಂಟನೇ ಕ್ಲಾಸು.

ಬೈಗುಳವಿಲ್ಲ, ಮೈ ತೋರಿಸುವುದಿಲ್ಲ, ರಕ್ತವಿಲ್ಲ. ಆದರೆ ಹುಡುಗಿಯೊಬ್ಬಳಿಗೆ ಆಗುವ ಅವಮಾನ ಮತ್ತು ಅದರ ಪರಿಣಾಮ ಎದೆ ಹಿಂಡುತ್ತದೆ. ಅದರಲ್ಲಿ ಆತ್ಮಹತ್ಯೆಯೂ ಸೇರಿದೆ. ಮೊದಲು ನೀವೊಬ್ಬರೇ ನೋಡಿ. ಆಮೇಲೂ ಜೊತೆಗೆ ಕೂತು ನೋಡಬೇಕೆನ್ನಿಸಿದರೆ, ಮುಗಿದ ಮೇಲೆ ಎದ್ದು ಹೋಗಬೇಡಿ, ಮಾತಾಡಿ.

## ತಯಾರಾದ ಬಗೆ

ಕಡಿಮೆ ಬಜೆಟ್ ಅಂತೀರಿ. ಕ್ಯಾಸಬ್ಲಾಂಕಾದ ಪಾಲ್ ಹೆನ್ರೀಡ್ ಇಲ್ಲೇನು ಮಾಡ್ತಿದಾರೆ?

ಡಾಕ್ಟರ್ ಜೇಸನ್ ಆಗಿರುವುದು ಅವರೇ. ದೊಡ್ಡ ಸ್ಟುಡಿಯೋಗಳ ಬಾಗಿಲು ಅವರಿಗೆ ಮುಚ್ಚಿಕೊಂಡಿತ್ತು, ಅದಕ್ಕೇ ಇಲ್ಲಿದ್ದಾರೆ. 1947ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಸಿನಿಮಾದವರಲ್ಲಿ ಕಮ್ಯುನಿಸ್ಟರು ಯಾರು ಎಂದು ಕೆದಕಲು ಕೂತಿತು. ಅದನ್ನು ಪ್ರತಿಭಟಿಸಿ ಹಂಫ್ರಿ ಬೊಗಾರ್ಟ್, ಲಾರೆನ್ ಬಕಾಲ್ ಮೊದಲಾದವರು ವಿಮಾನ ಹತ್ತಿ ವಾಷಿಂಗ್ಟನ್‌ಗೆ ಹೋದರು. ಆ ಗುಂಪಿನಲ್ಲಿ ಹೆನ್ರೀಡ್ ಕೂಡ ಇದ್ದರು. ಕೆಲವರು ಆಮೇಲೆ ‘ತಪ್ಪಾಯಿತು’ ಎಂದು ಹೇಳಿ ಬಚಾವಾದರು. ಹೆನ್ರೀಡ್ ಅವರಿಗೆ ಕೆಲಸ ಬರುವುದು ನಿಂತಿತು. ಕ್ಯಾಸಬ್ಲಾಂಕಾ ಚಿತ್ರದಲ್ಲಿ ನಾಜಿಗಳ ಕಣ್ಣು ತಪ್ಪಿಸಿ ಓಡಾಡುವ ಹೋರಾಟಗಾರನಾಗಿ ಲೋಕಕ್ಕೆಲ್ಲ ಪರಿಚಯವಾಗಿದ್ದ ಮುಖಕ್ಕೆ ಸ್ವತಂತ್ರ ನಿರ್ಮಾಪಕರ ಸಣ್ಣ ಚಿತ್ರಗಳೇ ಗತಿಯಾದವು. ಡಾಕ್ಟರ್ ಜೇಸನ್‌ನ ಕಣ್ಣಲ್ಲಿ ಕಾಣುವ ದಣಿವು ಪೂರಾ ನಟನೆ ಎಂದು ನನಗೆ ಅನ್ನಿಸುವುದಿಲ್ಲ.

ಬಿ ಸಿನಿಮಾ ಅಂದ್ರೆ ಎರಡನೇ ದರ್ಜೆ ಸಿನಿಮಾ ಅಂತಾನಾ?

ಅಲ್ಲ. ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುತ್ತಿದ್ದ ಕಾಲದಲ್ಲಿ ಜೊತೆಗೆ ಬರುತ್ತಿದ್ದ ಕಡಿಮೆ ಖರ್ಚಿನ ಚಿತ್ರಕ್ಕೆ ಬಿ ಎನ್ನುತ್ತಿದ್ದರು. ಅದು ವ್ಯಾಪಾರದ ಲೆಕ್ಕ, ಗುಣದ ಲೆಕ್ಕವಲ್ಲ. ಈ ಚಿತ್ರವನ್ನು ಕಟ್ಟುನಿಟ್ಟಾಗಿ ಬಿ ಎನ್ನಲಿಕ್ಕೂ ಬರುವುದಿಲ್ಲ, ಸ್ವತಂತ್ರವಾಗಿ ತೆಗೆದ ಬಡ ಚಿತ್ರ ಎಂದರೆ ಸರಿ. ಬಡತನದಿಂದ ಒಂದು ಲಾಭವೂ ಆಗಿದೆ. ಸ್ಟುಡಿಯೋದ ಥಳಕು ಬೆಳಕಿಲ್ಲ, ಹುಡುಗಿಯರ ಮುಖಗಳು ಜನಕ್ಕೆ ಹೊಸವು. ಹಾಗಾಗಿ ‘ಇವಳು ನಾಯಕಿ, ಏನೂ ಆಗಲ್ಲ’ ಎಂಬ ಧೈರ್ಯ ನಮಗೆ ಯಾರ ವಿಷಯದಲ್ಲೂ ಹುಟ್ಟುವುದಿಲ್ಲ.

ಈ ವೋರ್‌ಹೌಸ್ ಯಾರು? ಬೇರೇನು ಮಾಡಿದ್ದಾರೆ?

ನ್ಯೂಯಾರ್ಕಿನಲ್ಲಿ 1904ರಲ್ಲಿ ಹುಟ್ಟಿದವರು. 1930ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕೆಲಸ ಕಲಿತರು. ಅಲ್ಲಿ ಚಿತ್ರಮಂದಿರಗಳು ಇಂತಿಷ್ಟು ಬ್ರಿಟಿಷ್ ಚಿತ್ರ ತೋರಿಸಲೇಬೇಕು ಎಂಬ 1927ರ ಕಾನೂನಿತ್ತು. ಆ ಲೆಕ್ಕ ತುಂಬಿಸಲು ಫಿಲ್ಮಿನ ಒಂದು ಅಡಿಗೆ ಒಂದು ಪೌಂಡ್ ದರದಲ್ಲಿ ಚಿತ್ರಗಳನ್ನು ಸುತ್ತಿ ಕೊಡುತ್ತಿದ್ದರು. ಹೆಚ್ಚಿನವರು ಹೇಗೋ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದ ಆ ದುಡಿಮೆಯಲ್ಲೂ ವೋರ್‌ಹೌಸ್ ಶ್ರದ್ಧೆಯಿಂದ ಕೆಲಸ ಮಾಡಿದರು. ಆ ಚಿತ್ರಗಳಲ್ಲಿ ಕೆಲವಕ್ಕೆ ಎಡಿಟರ್ ಆಗಿದ್ದ ತರುಣ ಡೇವಿಡ್ ಲೀನ್, ಮುಂದೆ ಹೆಸರಾಂತ ನಿರ್ದೇಶಕ. ತನ್ನ ಮೇಲೆ ಪ್ರಭಾವ ಬೀರಿದವರಲ್ಲಿ ವೋರ್‌ಹೌಸ್ ದೊಡ್ಡವರು ಎಂದು ಲೀನ್ ಮುಂದೆ ಹೇಳಿದ್ದುಂಟು.

ಈ ಚಿತ್ರ ಬಂದ ಮರುವರ್ಷ, 1951ರಲ್ಲಿ, ಎಡ್ವರ್ಡ್ ಡ್ಮಿಟ್ರಿಕ್ ಎಂಬ ನಿರ್ದೇಶಕ ಅದೇ ಸಂಸತ್ ಸಮಿತಿಯ ಮುಂದೆ ಹಲವರ ಹೆಸರು ಹೇಳಿದ. ಅದರಲ್ಲಿ ವೋರ್‌ಹೌಸ್ ಹೆಸರೂ ಇತ್ತು. ಅಲ್ಲಿಗೆ ಅವರ ಸಿನಿಮಾ ಬದುಕು ಹೆಚ್ಚುಕಡಿಮೆ ಮುಗಿಯಿತು. ಲಂಡನ್ನಿನಲ್ಲಿ ನೆಲೆಸಿ, 2000ರಲ್ಲಿ ಅಲ್ಲೇ ತೀರಿಕೊಂಡರು.

ಬರೆದವರು ಒಬ್ಬ ಹೆಂಗಸು ಅಂತ ಕೇಳಿದೆ. ನಿಜವಾ?

ಹೌದು, ವೋರ್‌ಹೌಸ್ ಜೊತೆ ಚಿತ್ರಕಥೆ ಬರೆದವರು ಜೀನ್ ರೂವರಾಲ್. ಮೊದಲು ನಟಿಯಾಗಿದ್ದರು, ಚಿತ್ರಕಥೆಗಾರ ಹ್ಯೂಗೊ ಬಟ್ಲರ್ ಅವರನ್ನು ಮದುವೆಯಾದರು. ಗಂಡ ಹೆಂಡತಿ ಇಬ್ಬರೂ ಎಡಪಂಥದವರು. ಸಮಿತಿಯ ಸಮನ್ಸು ಕೈಗೆ ಬೀಳುವ ಮೊದಲೇ, 1951ರಲ್ಲಿ, ಮಕ್ಕಳನ್ನು ಕಟ್ಟಿಕೊಂಡು ಮೆಕ್ಸಿಕೊಗೆ ಹೊರಟರು. ವರ್ಷಗಟ್ಟಲೆ ಅಲ್ಲೇ ಬಾಳಿದರು. 2017ರಲ್ಲಿ, ನೂರು ತುಂಬಿದ ಮೇಲೆ, ರೂವರಾಲ್ ತೀರಿಕೊಂಡರು.

ನಟ, ನಿರ್ದೇಶಕ, ಲೇಖಕಿ, ಮೂವರಿಗೂ ಒಂದೇ ಗತಿ. ವಿಚಾರಣೆಯಿಲ್ಲದೆ ಕೆಟ್ಟವರೆನ್ನಿಸಿಕೊಂಡವರು, ಅಥವಾ ಇನ್ನೇನು ಅನ್ನಿಸಿಕೊಳ್ಳಲಿದ್ದವರು, ವಿಚಾರಣೆಯಿಲ್ಲದೆ ಕೆಟ್ಟವರೆನ್ನಿಸಿಕೊಂಡ ಹುಡುಗಿಯರ ಕಥೆ ಮಾಡಿದ್ದಾರೆ. ಅವರಿಗಿದು ಅವತ್ತು ಹೊಳೆದಿತ್ತೋ ಇಲ್ಲವೋ, ನನಗಂತೂ ಈ ಚಿತ್ರವನ್ನು ಇನ್ನೊಂದು ಬಗೆಯಲ್ಲಿ ನೋಡಲು ಆಗುವುದಿಲ್ಲ.

## ನೋಡಿ ಮುಗಿಸಿದವರಿಗೆ

ಡೊಲೊರೆಸ್ ಕೂದಲು ಕತ್ತರಿಸೋದು ನೋಡಿ ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ಕ್ರೂರವಾಗಿ ತೋರಿಸಬೇಕಿತ್ತಾ?

ಬೇಕಿತ್ತು. ಹೊಡೆತ ಬಡಿತವನ್ನು ಸಿನಿಮಾದಲ್ಲಿ ನೋಡಿ ನೋಡಿ ನಮಗೆ ಮರಗಟ್ಟಿದೆ. ಕೂದಲಿಗೆ ಕತ್ತರಿ ಹಾಕಿದಾಗ ಮೈಗೆ ಗಾಯವಿಲ್ಲ, ನೋವಿಲ್ಲ, ಮತ್ತೆ ಬೆಳೆಯುತ್ತದೆ ಬೇರೆ. ‘ಅಷ್ಟಕ್ಕೇ ಯಾಕೆ ಅಳುತ್ತೀಯ’ ಎನ್ನಬಹುದಾದ ಶಿಕ್ಷೆ ಅದು, ಅದಕ್ಕೇ ಅದು ಕ್ರೂರ. ಎಷ್ಟು ಕ್ರೂರ ಎಂಬುದು ಅವಳು ನೇಣು ಹಾಕಿಕೊಂಡ ಮೇಲೆ ಗೊತ್ತಾಗುತ್ತದೆ.

ಒಮ್ಮೆ ಮನೆಯಲ್ಲಿ ಈ ಚಿತ್ರ ನೋಡುತ್ತಿದ್ದಾಗ ನಮ್ಮ ದೊಡ್ಡಮ್ಮ ಅವರೆಕಾಯಿ ಬಿಡಿಸುತ್ತಾ ಪಕ್ಕದಲ್ಲಿ ಕೂತಿದ್ದರು. ಇಂಗ್ಲಿಷ್ ಬಾರದು. ಕತ್ತರಿ ಕಂಡದ್ದೇ ಕೈ ನಿಂತಿತು. ‘ನಮ್ಮಜ್ಜಿಗೂ ಹೀಗೇ ಮಾಡಿದ್ರು. ಹಿತ್ತಲಲ್ಲಿ, ಕೊಟ್ಟಿಗೆ ಪಕ್ಕ. ಹದಿನಾರು ವರ್ಷ ಅವರಿಗೆ’ ಎಂದರು. ಮತ್ತೇನೂ ಹೇಳಲಿಲ್ಲ, ಮೊರ ಎತ್ತಿಕೊಂಡು ಒಳಗೆ ಹೋದರು. ಗಂಡ ಸತ್ತ ಹುಡುಗಿಯರ ತಲೆ ಬೋಳಿಸುತ್ತಿದ್ದ ಮನೆಗಳ ಮೊಮ್ಮಕ್ಕಳು ನಾವು. ಎಲ್ಮ್‌ವ್ಯೂನ ಕತ್ತರಿ ನಮಗೆ ಪರದೇಶದ್ದೆನ್ನಿಸುವುದಿಲ್ಲ.

ಕೊನೆ ತುಂಬಾ ಸಲೀಸಾಯ್ತು ಅನ್ನಿಸಲಿಲ್ವಾ? ವಿಚಾರಣೆ, ಸಾಕ್ಷಿ, ಎಲ್ಲ ಸರಿಹೋಯ್ತು.

ಅನ್ನಿಸಿತು. ಆದರೆ ಅದಕ್ಕೆ ಕಾರಣವಿದೆ. 1934ರಿಂದ ಹಾಲಿವುಡ್ ಒಂದು ನೀತಿ ಸಂಹಿತೆಯನ್ನು ತಾನೇ ಹೇರಿಕೊಂಡಿತ್ತು, 1968ರ ತನಕ ಅದು ಇತ್ತು. ಕಾನೂನನ್ನು ಗೇಲಿ ಮಾಡುವಂತಿಲ್ಲ, ತಪ್ಪು ಮಾಡಿದವರು ಶಿಕ್ಷೆಯಿಲ್ಲದೆ ಪಾರಾಗುವಂತಿಲ್ಲ. ಇಂಥ ಕಟ್ಟಳೆಯ ನಡುವೆ ಸರ್ಕಾರಿ ಸಂಸ್ಥೆಯೊಂದು ಬುಡದಿಂದಲೇ ಕೊಳೆತಿದೆ ಎಂದು ಹೇಳುವುದು ಹೇಗೆ? ಒಬ್ಬ ಕೆಟ್ಟ ಮೇಟ್ರನ್, ಒಬ್ಬ ಕೆಟ್ಟ ಅಧಿಕಾರಿ, ಅವರನ್ನು ತೆಗೆದರೆ ಎಲ್ಲ ನೆಟ್ಟಗೆ ಎಂಬ ದಾರಿಯೊಂದೇ ಉಳಿಯುತ್ತದೆ. ಚಿತ್ರ ಆ ದಾರಿ ಹಿಡಿಯಿತು. ಆದರೂ ಸತ್ತ ಹುಡುಗಿಯನ್ನು ಅದು ಮರೆಸುವುದಿಲ್ಲ. ಡೊಲೊರೆಸ್‌ಗೆ ಯಾವ ತೀರ್ಪಿನಿಂದಲೂ ಪ್ರಯೋಜನವಿಲ್ಲ.

ಹುಡುಗಿಯರ ಕಥೆಗೆ ಗಂಡಸು ಡಾಕ್ಟರ್ ಬಂದೇ ಉದ್ಧಾರ ಆಗಬೇಕಾ?

ಈ ಆಕ್ಷೇಪ ನನಗೂ ಇದೆ. ಯುದ್ಧ ಮುಗಿದ ಮೇಲಿನ ಅಮೆರಿಕದಲ್ಲಿ ಮನೋವೈದ್ಯನೆಂದರೆ ಹೊಸ ಪುರೋಹಿತ, ಅವನ ಮಾತಿಗೆ ಎದುರಿಲ್ಲ. ಸಿನಿಮಾಗಳೂ ಆ ನಂಬಿಕೆಯಲ್ಲಿ ಮುಳುಗಿದ್ದವು. ಜೊತೆಗೆ ಟಿಕೆಟ್ ಮಾರಲು ಗೊತ್ತಿರುವ ಮುಖ ಒಂದೇ ಇದ್ದದ್ದು, ಹೆನ್ರೀಡ್ ಅವರದು. ಹಾಗಾಗಿ ಕಥೆ ಅವರ ಬಾಯಲ್ಲಿ ಬರುತ್ತದೆ. ರೂತ್ ಪಾತ್ರಕ್ಕೆ ಇನ್ನಷ್ಟು ಜಾಗ ಕೊಟ್ಟಿದ್ದರೆ ಚಿತ್ರ ಬಲವಾಗುತ್ತಿತ್ತು. ಒಳಗಿನ ಅನ್ಯಾಯವನ್ನು ಅವನಿಗಿಂತ ಮೊದಲಿನಿಂದ ನೋಡುತ್ತಾ, ನೌಕರಿ ಉಳಿಸಿಕೊಂಡು, ನುಂಗಿಕೊಂಡು ಬಂದವಳು ಅವಳು. ನಮ್ಮ ಕಚೇರಿಗಳಲ್ಲಿ ಅಂಥವರನ್ನು ದಿನವೂ ನೋಡುತ್ತೇವೆ, ಅವರ ಕಥೆ ಮಾತ್ರ ಸಿನಿಮಾ ಆಗುವುದಿಲ್ಲ.

ಕೇಜ್ಡ್ ನೋಡಿದ್ದೀನಿ. ಅದೇ ಥರದ್ದು ಇನ್ನೊಂದು ಯಾಕೆ ನೋಡಲಿ?

ಕೇಜ್ಡ್ ಹೆಂಗಸರ ಜೈಲಿನ ಕಥೆಯ ಚಿತ್ರ. ಎರಡೂ ಒಂದೇ ವರ್ಷದವು, ಎರಡರಲ್ಲೂ ಮೇಟ್ರನ್ ಒಬ್ಬ ಹುಡುಗಿಯ ಕೂದಲು ತೆಗೆಯುತ್ತಾಳೆ. ಅಲ್ಲಿಂದಾಚೆಗೆ ದಾರಿ ಬೇರೆ. ಕೇಜ್ಡ್ ವಾರ್ನರ್ ಬ್ರದರ್ಸ್‌ನಂಥ ದೊಡ್ಡ ಮನೆಯದು. ಅದನ್ನು ಬರೆದ ವರ್ಜೀನಿಯಾ ಕೆಲಾಗ್ ಕೈದಿಯಂತೆ ಜೈಲುಗಳಲ್ಲಿ ಇದ್ದು ನೋಡಿ ಬಂದಿದ್ದರು. ಮೂರು ಆಸ್ಕರ್ ನಾಮನಿರ್ದೇಶನ ಸಿಕ್ಕವು. ಅದರ ನಾಯಕಿ ಮೇರಿ ಕತ್ತರಿ ಬಿದ್ದ ಮೇಲೆ ಕಲ್ಲಾಗುತ್ತಾಳೆ. ಕೊನೆಗೆ ಅವಳು ಬಿಡುಗಡೆಯಾಗಿ ಹೋಗುವಾಗ, ಕಡತ ಮುಚ್ಚಬೇಡಿ, ಮತ್ತೆ ಬರುತ್ತಾಳೆ ಎನ್ನುತ್ತಾಳೆ ವಾರ್ಡನ್. ಡೊಲೊರೆಸ್ ಕಲ್ಲಾಗಲಾರಳು, ಒಡೆದುಹೋಗುತ್ತಾಳೆ.

ಸಿನಿಮಾವಾಗಿ ಕೇಜ್ಡ್ ದೊಡ್ಡದು, ಒಪ್ಪುತ್ತೇನೆ. ಕೊನೆಯಲ್ಲಿ ಅದು ಸುಳ್ಳು ಸಮಾಧಾನ ಹೇಳುವುದಿಲ್ಲ. ಆದರೆ ಒಂದನ್ನು ನೋಡಿದವರು ಇನ್ನೊಂದನ್ನು ಬಿಡಬಾರದು. ಅಲ್ಲಿರುವವರು ದೊಡ್ಡ ಹೆಂಗಸರು, ಇಲ್ಲಿರುವವರು ಮಕ್ಕಳು. ಬೆಂಕಿ ಆರಿಸುವ ಪೈಪಿನ ನೀರನ್ನು ಆ ಮಕ್ಕಳ ಮೇಲೆ ಬಿಡುವ ದೃಶ್ಯದಂಥದ್ದು ಕೇಜ್ಡ್‌ನಲ್ಲಿಲ್ಲ. ಹಿಡಿದುಕೊಳ್ಳಲು ಏನೂ ಇಲ್ಲದೆ ಹುಡುಗಿಯರು ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಾರೆ.

ನಿಜವಾಗಿ ಹೀಗೆಲ್ಲ ನಡೀತಿತ್ತಾ, ಇಲ್ಲ ಸಿನಿಮಾಕ್ಕೆ ಸೇರಿಸಿದ್ದಾ?

ಎಲ್ಮ್‌ವ್ಯೂ ಕಲ್ಪಿತ ಸ್ಥಳ. ನಿಜವಾದ ಸ್ಥಳ ಒಂದನ್ನು ಹೇಳುತ್ತೇನೆ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನಲ್ಲಿ 1887ರಲ್ಲಿ ಹೆಂಗಸರ ಆಶ್ರಯಗೃಹವೊಂದು ತೆರೆಯಿತು. 1904ರಲ್ಲಿ ಅದನ್ನು ಹುಡುಗಿಯರ ತರಬೇತಿ ಶಾಲೆ ಮಾಡಿದರು. ತಾಯಿ ತೀರಿಕೊಂಡ ಮೇಲೆ ಬೀದಿಗೆ ಬಿದ್ದಿದ್ದ ಒಬ್ಬ ಕಪ್ಪು ಹುಡುಗಿಯನ್ನು 1933ರಲ್ಲಿ ಅಲ್ಲಿಗೆ ಕಳಿಸಿದರು. ಕಪ್ಪು ಹುಡುಗಿಯರನ್ನು ಬೇರೆ ಕಟ್ಟಡಗಳಲ್ಲಿ ಕಿಕ್ಕಿರಿದು ತುಂಬುತ್ತಿದ್ದರು, ಹೊಡೆಯುತ್ತಿದ್ದರು. ಶಾಲೆಗೊಂದು ಗಾಯನ ತಂಡವಿತ್ತು, ಅದರಲ್ಲಿ ಬಿಳಿಯರಿಗೆ ಮಾತ್ರ ಜಾಗ. ಅಲ್ಲಿಂದ ಹೊರಬಿದ್ದ ಆ ಹುಡುಗಿ 1934ರ ನವೆಂಬರಿನಲ್ಲಿ ಹಾರ್ಲೆಮ್‌ನ ಅಪೊಲೊ ರಂಗಮಂದಿರದಲ್ಲಿ ಹಾಡಿ ಗೆದ್ದಳು. ಮುಂದೆ ಜಾಝ್ ಗಾಯಕಿಯಾಗಿ ಲೋಕಪ್ರಸಿದ್ಧಳಾದ ಅವಳ ಹೆಸರು ‘ಎಲ್ಲಾ ಫಿಟ್ಜರಾಲ್ಡ್’. ಬದುಕಿರುವ ತನಕ ಹಡ್ಸನ್ ಬಗ್ಗೆ ಅವರು ಬಹಿರಂಗವಾಗಿ ಬಾಯಿ ಬಿಡಲಿಲ್ಲ. 1996ರಲ್ಲಿ, ಅವರು ಹೋದ ಮೇಲೆ, ಪತ್ರಿಕೆಯೊಂದು ಆ ಕಥೆಯನ್ನು ಬೆಳಕಿಗೆ ತಂದಿತು.

ಇದರಿಂದ ಚಿತ್ರದ ಒಂದು ಕೊರತೆಯೂ ಕಾಣುತ್ತದೆ. ಮುಖ್ಯ ನಾಲ್ವರಲ್ಲಿ ಕಪ್ಪು ಹುಡುಗಿ ಒಬ್ಬಳೂ ಇಲ್ಲ. ಬೇರೆ ಮೈಬಣ್ಣದವಳು, ಬೇರೆ ಭಾಷೆಯವಳು ಡೊಲೊರೆಸ್ ಒಬ್ಬಳೇ, ಸಾಯುವವಳೂ ಅವಳೇ.

ಆಮೇಲೆ ಬಂದ ‘ಹೆಂಗಸರ ಜೈಲು’ ಸಿನಿಮಾಗಳೆಲ್ಲ ಯಾಕೆ ಅಷ್ಟು ಹೊಲಸು?

1950ರ ದಶಕದ ಕೊನೆಗೆ ಕಾರಿನಲ್ಲೇ ಕೂತು ನೋಡುವ ಬಯಲು ಚಿತ್ರಮಂದಿರಗಳು, ಹದಿಹರೆಯದ ಪ್ರೇಕ್ಷಕರು, ಒಂದೆರಡು ವಾರದಲ್ಲಿ ಮುಗಿಸುವ ಚಿತ್ರಗಳು ಹೆಚ್ಚಿದವು. ನೀತಿ ಸಂಹಿತೆ ಬಿದ್ದ ಮೇಲೆ, 1970ರ ದಶಕದಲ್ಲಿ, ರೋಜರ್ ಕೋರ್ಮನ್ ಕಂಪನಿಯಂಥವರು ಫಿಲಿಪೈನ್ಸ್‌ಗೆ ಹೋಗಿ ಅಗ್ಗದಲ್ಲಿ ಶೂಟ್ ಮಾಡಿದರು. ಅಲ್ಲಿ ಜೈಲು ಬರೀ ನೆಪ. ಅವುಗಳ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ.

ಎರಡನೇ ಸಲ ನೋಡುವಾಗ ಏನು ಗಮನಿಸಲಿ?

ಮೊದಲ ಸಲ ಕಣ್ಣು ಡಾಕ್ಟರ್ ಹಿಂದೆ ಹೋಗಿರುತ್ತದೆ. ಎರಡನೇ ಸಲ ಅವನನ್ನು ಬಿಟ್ಟುಬಿಡಿ. ಗುಂಪಿನ ದೃಶ್ಯಗಳಲ್ಲಿ ಮಾತಾಡುವವರ ಮೇಲಿಂದ ಕಣ್ಣು ತೆಗೆದು ಡೊಲೊರೆಸ್‌ಳನ್ನು ಹುಡುಕಿ. ಅವಳಿಗೆ ಮಾತು ಕಡಿಮೆ, ಆದರೆ ರೀಟಾ ಮೊರೆನೊ ಸುಮ್ಮನೆ ನಿಂತಿರುವುದಿಲ್ಲ, ಕೇಳಿಸಿಕೊಳ್ಳುತ್ತಿರುತ್ತಾರೆ. ಕೂದಲಿದ್ದಾಗ ಅವಳು ಹೇಗೆ ಇರುತ್ತಾಳೆ, ತೆಗೆದ ಮೇಲೆ ಹೇಗೆ, ನೋಡಿ. ಹದಿನೆಂಟರ ಆಸುಪಾಸಿನ ಹುಡುಗಿ, ಕ್ಯಾಮರಾ ಮುಂದೆ ಮೊದಲ ಸಲ.